ಅವಳ ಜಾಗ

ಅವಳು ಹಿಂದೆ ಹಿಂದೆ ಸರಿಯುತ್ತ ನೆಲ ಒರೆಸುತ್ತಿದ್ದಳು. ಹಾಗೆ ಒರೆಸಿದರೆ ಬಾಗಿಲು ತಲುಪುವ ಹೊತ್ತಿಗೆ ತನ್ನ ಹೆಜ್ಜೆಯ ಗುರುತೂ ಉಳಿಯುವುದಿಲ್ಲ. ಸಿನಿಮಾ ಸ್ಟುಡಿಯೋದಲ್ಲಿ ನಿರ್ದೇಶಕಿಯೊಬ್ಬಳನ್ನು ಬಿಟ್ಟು ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಅವಳೂ ಬಾಯಿ ಬಿಡುತ್ತಿರಲಿಲ್ಲ.

ಹೊಸ್ತಿಲಾಚೆ ಇವತ್ತು ಹೊಸ ಜೋಡು ಚಪ್ಪಲಿ. ತೆಳ್ಳನೆಯ ಪಟ್ಟಿ, ಎತ್ತರದ ಹಿಮ್ಮಡಿ. ಪಕ್ಕದ ಕೋಣೆಯಲ್ಲಿ ಬಳುಕುವ ಮೈಯ ಹೆಂಗಸೊಬ್ಬಳು ನಿರ್ದೇಶಕಿಯ ಜೊತೆ ನಗುತ್ತಿದ್ದಳು.

ಅವಳು ಒರೆಸುವುದನ್ನು ನಿಲ್ಲಿಸಿದಳು. ತನ್ನ ಬದಲಿಗೆ ಬಂದವಳು ಇವಳೇ ಇರಬೇಕು.

ಇಪ್ಪತ್ತು ದಿನದ ಹಿಂದೆ ನಿರ್ದೇಶಕಿಯೇ ಅವಳ ಕೈಯಿಂದ ಬಕೆಟ್ಟು ತೆಗೆದಿಟ್ಟಿದ್ದಳು. "ನಿನ್ನ ಬೆನ್ನು ಗಟ್ಟಿ ಇದೆ ಕಣೇ. ನಮ್ಮ ಸಿನಿಮಾಕ್ಕೆ ಬರ್ತೀಯಾ?"

ಮಾತಿಲ್ಲದ ಸಿನಿಮಾ. ಒಬ್ಬ ಗಂಡಸು, ಒಂದು ಮನೆ, ಬರೀ ನೃತ್ಯ. ಗಂಡ ಹೆಂಡಿರ ನಂಟೆಲ್ಲ ಮೈಯಲ್ಲೇ ತೋರಬೇಕು. ಅವಳಿಗೆ ತಲೆಯಿಂದ ಕಾಲುಗುರಿನವರೆಗೆ ಗಿಳಿಹಸಿರು ಉಡುಪು, ಮುಖಕ್ಕೂ ಅದೇ ಬಣ್ಣದ ಮುಸುಕು. ಯಾಕೆಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ನರ್ತಕ ತಿರುಗುತ್ತ ಬಂದು ಅವಳ ಹೆಗಲ ಮೇಲೆ ಬೀಳುತ್ತಿದ್ದ, ಅವಳು ಹೊರುತ್ತಿದ್ದಳು. ಅವಳ ಅಂಗೈಗೆ ಕೆನ್ನೆಯಿಟ್ಟು ನಿಜಕ್ಕೂ ಅಳುತ್ತಿದ್ದ. 'ಕಟ್' ಎಂದೊಡನೆ ಕಣ್ಣೊರೆಸಿಕೊಂಡು ಫೋನು ಹುಡುಕುತ್ತಿದ್ದ. ಆದರೂ, ಅಷ್ಟು ಹೊತ್ತು ಅವಳ ಕೈಯನ್ನು ಯಾರೂ ಹಿಡಿದದ್ದಿಲ್ಲ.

"ಇದ್ದೂ ಇಲ್ಲದ ಹಾಗಿರಬೇಕು, ತಿಳೀತಾ?" ಎಂದು ನಿರ್ದೇಶಕಿ ಹೇಳಿದ್ದಳು. ಅದೊಂದನ್ನು ಅವಳಿಗೆ ಕಲಿಸಬೇಕಾಗಿರಲಿಲ್ಲ.

ಹೆಗಲ ಮೇಲಿನ ನೀಲಿ ಕಲೆ ನೋಡಿ ಮನೆಯಲ್ಲಿ ಅಮ್ಮ ಗದರಿದ್ದಳು. "ಯಾವನೇ ಅವನು ಹೊಡೆದೋನು?"

"ಹೊಡೆದಿದ್ದಲ್ಲಮ್ಮ. ಸಿನಿಮಾ."

"ನೀನಾ? ನೆಂಟರು ಬಂದ್ರೆ ಬಾಗಿಲ ಹಿಂದೆ ಸೇರ್ಕೊಳ್ಳೋಳು!" ಅಮ್ಮ ನಕ್ಕೂ ನಕ್ಕೂ ಕೆಮ್ಮಿದಳು. ಆಮೇಲೆ ಇಡೀ ಬೀದಿಗೆ ಹೇಳಿ ಬಂದಳು.

ಈಗ ಈ ಚಪ್ಪಲಿ. ಇನ್ನು ಅಮ್ಮ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ನಿರ್ದೇಶಕಿ ಹೊರಬಂದಾಗ ಅವಳು ಒಣಗಿದ ಬಟ್ಟೆಯನ್ನೇ ಹಿಂಡುತ್ತ ಕೇಳಿದಳು, "ಅಕ್ಕಾ, ನನ್ನ ಜಾಗಕ್ಕೆ ಅವರು ಬರ್ತಾರಾ?"

"ಅಯ್ಯೋ ಹುಚ್ಚಿ! ಅವಳು ನನ್ನ ತಂಗಿ, ಊಟಕ್ಕೆ ಕರೆಯೋಕೆ ಬಂದಿದ್ದಾಳೆ." ನಿರ್ದೇಶಕಿ ಅವಳ ತಲೆ ಸವರಿದಳು. "ನಿನ್ನ ಜಾಗಕ್ಕೆ ಯಾರೂ ಬರಲ್ಲ. ಆಣೆ."

ಆ ಮಾತು ಸುಳ್ಳಾಗಲಿಲ್ಲ.

ಮೊದಲ ಪ್ರದರ್ಶನದ ದಿನ ಅಮ್ಮ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟಳು. ಪಕ್ಕದ ಮನೆಯಾಕೆಯ ಕನ್ನಡಕ ಕೇಳಿ ತಂದಳು. ತಾಯಿ ಮಗಳು ಮೂರನೇ ಸಾಲಿನಲ್ಲಿ ಕೂತರು. ದೀಪ ಆರಿತು.

ಪರದೆಯ ಮೇಲೆ ನರ್ತಕ ತಿರುಗುತ್ತ ಬಂದ. ಓರೆಯಾಗಿ ಬಿದ್ದ. ನೆಲ ಮುಟ್ಟಲಿಲ್ಲ, ಬರಿಯ ಗಾಳಿಗೆ ಒರಗಿ ನಿಂತ. ಯಾರದೂ ಅಲ್ಲದ ಅಂಗೈಗೆ ಕೆನ್ನೆಯಿಟ್ಟು ಅತ್ತ. ಗಿಳಿಹಸಿರು ಇದ್ದಲ್ಲೆಲ್ಲ ಈಗ ಖಾಲಿ ಗೋಡೆ, ಖಾಲಿ ನೆಲ. ಕಂಪ್ಯೂಟರಿನಲ್ಲಿ ಹಸಿರನ್ನಷ್ಟೂ ಒರೆಸಿ ತೆಗೆದಿದ್ದರು. ಹೆಜ್ಜೆಯ ಗುರುತೂ ಉಳಿದಿರಲಿಲ್ಲ.

"ಪಾಪ, ಹೆಂಡ್ತಿ ಇಲ್ಲದ ಮನೆ ಹೀಗೇ ಇರತ್ತೆ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದರು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಅವಳ ಕಿವಿಗೆ ಬಾಗಿದಳು. "ನೀನು ಬಂದಾಗ ಹೇಳೇ, ಆಯ್ತಾ?"