ಉಕ್ಕದ ಹಾಲು

“ಒಂದರ್ಧ ಗಂಟೆ ಆಚೆ ನಿಂತ್ಕಳಿ ರಾಚಮ್ಮ. ಇವರು ಹಾಲು ಉಕ್ಕಿಸ್ಲಿ, ಆಮೇಲೆ ಒಳಗೆ ಬರೋರಂತೆ,” ಎಂದ ಮಾಲೀಕ ನಟರಾಜು. ರಾಚಮ್ಮ ಬಾಡಿಗೆಗಿದ್ದ ಮನೆಯನ್ನು ಕೊಂಡ ವಿಮಲಮ್ಮ ಹೊಸ ಪಾತ್ರೆಯಲ್ಲಿ ಹಾಲು ಹಿಡಿದು ಅವನ ಹಿಂದೆ ನಿಂತಿದ್ದರು. ಹುಣಸೂರಿನ ಆ ಕಟ್ಟಡದ ಬಾಡಿಗೆ ಮನೆಗಳನ್ನು ನಟರಾಜು ಫ್ಲ್ಯಾಟ್ ಎಂದು ಒಂದೊಂದಾಗಿ ಮಾರುತ್ತಿದ್ದ. ಹೋದ ತಿಂಗಳು ಕೆಳಗಿನ ಮನೆಯ ಚಾಮಯ್ಯನೂ ಹೀಗೇ ಆಚೆ ನಿಂತಿದ್ದ. ಹಾಲು ಉಕ್ಕಿತು, ಬಾಗಿಲಿಗೆ ಹೊಸ ಬೀಗ ಬಿತ್ತು, ಅವನ ಪಾತ್ರೆಪಡಗ ಬೀದಿಗೆ ಬಂತು.

“ಆಚೆ ಯಾಕೆ? ಕೊಡಿ ಅಕ್ಕ, ನಾನೇ ಕಾಯಿಸ್ತೀನಿ,” ಎಂದು ರಾಚಮ್ಮ ಪಾತ್ರೆ ಇಸಿದುಕೊಂಡು ತನ್ನ ಒಲೆಯ ಮೇಲಿಟ್ಟಳು. “ಕರಾರು ಯುಗಾದಿಗಂಟ ಐತೆ ಕಣಪ್ಪ. ಮನೆ ಮಾರ್ಕೋ, ಬ್ಯಾಡ ಅನ್ನಕಿಲ್ಲ. ಅದ್ರ ಜೊತೆಗೆ ನನ್ನೂ ಮಾರ್ಬುಟ್ಟಾ?”

“ಮುಹೂರ್ತ ಮೀರ್ತದೆ, ಸುಮ್ನೆ ನಡೀರಿ.”

“ಅಂಗಾದ್ರೆ ಕೋರ್ಟಲ್ಲಿ ಮುಹೂರ್ತ ಇಡಿಸ್ಕಂಡು ಬಾ.”

ಹಾಲು ಏರತೊಡಗಿತು. ವಿಮಲಮ್ಮ ಹೊಸ್ತಿಲಲ್ಲೇ ಕೈ ಮುಗಿದರು. ನೊರೆ ಅಂಚು ಮುಟ್ಟುವಷ್ಟರಲ್ಲಿ ರಾಚಮ್ಮ ಒಲೆ ಆರಿಸಿದಳು. ಹಾಲು ಇಳಿಯಿತು. ಒಂದು ಹನಿಯೂ ಆಚೆ ಚೆಲ್ಲಲಿಲ್ಲ.

“ಇವರು ಮನೆ ಬಿಡೋಕೆ ಒಪ್ಪವ್ರೆ ಅಂದಿದ್ರಲ್ಲ ನಟರಾಜು?” ವಿಮಲಮ್ಮನ ಮುಗಿದ ಕೈ ಹಾಗೇ ಇತ್ತು.

ರಾಚಮ್ಮ ಆ ಹಾಲಿಗೇ ಡಿಕಾಕ್ಷನ್ ಬೆರೆಸಿದಳು. “ಒಳ್ಳೆ ಹಾಲು ಕಣಕ್ಕ. ಕಾಪಿ ಕುಡ್ಕಂಡು ಓಗಿ.”

ವಿಮಲಮ್ಮ ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಬಂದು, ನೆಂಟರ ಹಾಗೆ ಚಾಪೆಯ ಅಂಚಿನಲ್ಲಿ ಕೂತು ಲೋಟ ತೆಗೆದುಕೊಂಡರು.