ತಿಪ್ಪೆಯಲ್ಲಿದ್ದ ಜೇಕು

ಸೀಗೇಪುಡಿಯ ಡಬ್ಬಿ ತೆರೆದಾಗ ಜೇಕು ಎಂಬ ಕಳೆಹುಲ್ಲಿನ ಗಡ್ಡೆಯ ವಾಸನೆ ಬಂದರೆ, ಈಗಲೂ ನನಗೆ ಬಸವನಗುಡಿಯ ನಮ್ಮ ಹಿತ್ತಿಲು ನೆನಪಾಗುತ್ತದೆ.

ಆ ಮಧ್ಯಾಹ್ನ ನಾನು ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಸೀಗೇಕಾಯಿಯ ಬೀಜ ಬಿಡಿಸುತ್ತಿದ್ದೆ. ಈಗ ಹನುಮಂತನಗರವಾಗಿರುವ ಕಡೆ ಆಗ ನಮ್ಮದೊಂದು ತುಂಡು ಹೊಲವಿತ್ತು. ಅಲ್ಲಿಂದ ಬಂದ ಅಪ್ಪ ಗುದ್ದಲಿಯನ್ನು ಗೋಡೆಗೆ ಒರಗಿಸಿ ಅಜ್ಜಿಗೆ ಹೇಳಿದರು: "ಅವ್ವಾ, ಮತ್ತೆ ಜೇಕು ಎದ್ದಿದೆ. ಕಿತ್ತಷ್ಟೂ ಬರ್ತದೆ, ರಾಗಿ ಪೈರೇ ಕಾಣಲ್ಲ. ಹೊಲ ಮಾರ್ಬಿಡ್ತೀನಿ."

ಅಜ್ಜಿ ಮನೆಯ ಹಸುವಿನ ಸಗಣಿ ಹಾಕುವ ತಿಪ್ಪೆಯ ಹತ್ತಿರ ಹೋಗಿ, ಅದರ ಅಂಚಿನಲ್ಲಿ ಮೊಳೆತಿದ್ದ ಹಸಿರು ಎಳೆಯೊಂದನ್ನು ಕಿತ್ತಳು. ಬುಡದಲ್ಲಿ ಪುಟ್ಟ ಕಪ್ಪು ಗಡ್ಡೆಯಿತ್ತು. ತಾನು ಮೂಸಿ, ಅಪ್ಪನ ಮೂಗಿಗೂ ಹಿಡಿದಳು.

"ಕಿತ್ತ ಜೇಕನ್ನ ಎಲ್ಲಿ ಹಾಕ್ತೀಯೋ?"

"ತಿಪ್ಪೆಗೆ. ಕೊಳೀಲಿ ಅಂತ."

"ಇದು ಕೊಳೆಯೋ ಜಾತಿಯೇನೋ? ಗೊಬ್ಬರದ ಗಾಡಿ ಹತ್ತಿಸಿ ವರ್ಷಾವರ್ಷಾ ನೀನೇ ಹೊಲಕ್ಕೆ ಕಳಿಸ್ತಿದೀಯಲ್ಲೋ, ಮಗಳಿಗೆ ಬಾಗಿನ ಕೊಟ್ಟು ಕಳಿಸಿದ ಹಾಗೆ!"

ಅಪ್ಪ ತಿಪ್ಪೆಯತ್ತ ನೋಡಿ ನಕ್ಕುಬಿಟ್ಟರು. "ಹಾಗಾದ್ರೆ ಇನ್ನೊಂದು ಬೆಳೆ ನೋಡ್ಲಾ ಅವ್ವಾ?"

"ನೋಡಪ್ಪ. ಬಸವಣ್ಣ ಇವತ್ತಾದ್ರೂ ಕಣ್ಣು ಬಿಡಿಸಿದ. ಗಡ್ಡೆ ಒಂದೂ ಬಿಡದೆ ಅಗೆದು, ಬಂಡೆ ಮೇಲೆ ಗರಿಗರಿ ಒಣಗಿಸು. ಆಮೇಲೆ ನನಗೆ ತಂದ್ಕೊಡು, ಸೀಗೇಪುಡಿ ಘಮಕ್ಕೆ ಆಗ್ತದೆ."

ಅಪ್ಪ ಗುದ್ದಲಿ ಎತ್ತಿಕೊಂಡು ಆ ಬಿಸಿಲಲ್ಲೇ ಹೊಲಕ್ಕೆ ಹೊರಟರು. ಅಜ್ಜಿ ಕೈಯಲ್ಲಿದ್ದ ಗಡ್ಡೆಯನ್ನು ನನ್ನ ಮೊರಕ್ಕೆ ಹಾಕಿದಳು. ನಾನು ಅದನ್ನು ಸೀಗೇಕಾಯಿಯ ಜೊತೆಗೇ ಬಿಸಿಲಿಗೆ ಹರಡಿದೆ.