ಮುದ್ದೇನಹಳ್ಳಿಗೆ ವಾಕಿಂಗ್

"ನೀನು ಕಾಫಿ ಸೋಸೋದ್ರೊಳಗೆ ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿಗೆ ನಡ್ಕೊಂಡು ಹೋಗಿ ಬಂದೆ ಕಣಮ್ಮ. ದಾರೀಲಿ ಎರಡು ಬಸ್ಸು ಹಿಂದೆ ಹಾಕ್ದೆ," ಎಂದರು ಪಿಳ್ಳಪ್ಪ. ಮಂಡಿ ಆಪರೇಷನ್ ಆಗಿ ತಿಂಗಳಾಗಿತ್ತು. ದಿನಾ ನಡೆಯದಿದ್ದರೆ ಕಾಲು ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು.

ಮಗಳು ರಾಧಾಮಣಿ ಲೋಟ ಕೊಟ್ಟಳು. "ಸುಸ್ತಾಗ್ಲಿಲ್ವೇನಪ್ಪ?"

"ನನಗಾ? ಊರ ಮುಂದಿನ ಹುಣಸೆಮರದ ನೆರಳಲ್ಲಿ ಕೂತಿದ್ದೆ. ಏನು ತಂಪು ಅಂತೀಯ."

"ಆ ಮರ ಗಾಳಿಗೆ ಬಿದ್ದು ವರ್ಷ ಆಯ್ತಲ್ಲಪ್ಪ."

ಪಿಳ್ಳಪ್ಪ ಟವೆಲ್ಲಿನಡಿ ಬಚ್ಚಿಟ್ಟಿದ್ದ ಟ್ಯಾಬ್ ಹೊರತೆಗೆದರು. ಊರೂರ ರಸ್ತೆಗಳ ಫೋಟೋ ತೋರಿಸುವ ವೆಬ್‌ಸೈಟಿನಲ್ಲಿ ಹುಣಸೆಮರ ಇನ್ನೂ ಸೊಂಪಾಗಿ ನಿಂತಿತ್ತು.

"ನಡೆದಿದ್ದು ಬೆರಳು ಕಣಮ್ಮ," ಎಂದರು. "ನಾನು ಬಾಗಿಲೇ ದಾಟಿಲ್ಲ. ಬಿದ್ದುಬಿಡ್ತೀನೇನೋ ಅಂತ ಭಯ. ನೀನು ಕೈ ಹಿಡ್ಕೊಂಡ್ರೆ ಗೇಟ್‌ತನಕ ಬರ್ತೀನಿ."